ಕತಾರಿನ ನಲ್ಲಿ, ಚಳ್ಳಕೆರೆಯ ಶೇಂಗಾ



‘ಮರುಭೂಮಿಯಲ್ಲೇ ನೀರಿಗೆ ತೊಂದರೆ ಇಲ್ಲವಂತೆ, ನಮಗ್ಯಾಕೆ ಬರ?’ ಎಂದು ಊರಿನವರು ದೋಹಾದಲ್ಲಿರುವ ನಮ್ಮನ್ನು ಕೇಳುವುದುಂಟು. ಕತಾರಿನಲ್ಲಿ ನದಿಯಿಲ್ಲ, ವರ್ಷದ ಸರಾಸರಿ ಮಳೆ ನೂರು ಮಿಲಿಮೀಟರಿಗೂ ಕಡಿಮೆ. ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರು. ಕೈತುಂಬ ಗ್ಯಾಸ್ ಇರುವ ದೇಶಕ್ಕೆ ಅದು ಸಾಧ್ಯ. ಆದರೆ ಆ ದುಬಾರಿ ನೀರಿನಲ್ಲಿ ಊರೆಲ್ಲ ಉಣ್ಣುವಷ್ಟು ಬೆಳೆಯಲಾಗದು. ಇಲ್ಲಿನ ಆಹಾರದ ಬಹುಪಾಲು ಹೊರಗಿನಿಂದಲೇ ಬರುತ್ತದೆ. ಅಂತರ್ಜಲ ನಂಬಿದ ತೋಟಗಳ ಎಷ್ಟೋ ಬಾವಿಗಳು, ನೀರು ಮೇಲೆತ್ತಿದಷ್ಟೂ ಉಪ್ಪಾಗಿವೆ. ಕೊಳವೆಬಾವಿ ಕೊರೆಯುತ್ತಲೇ ಇರುವ ನಮ್ಮವರು ನೋಡಬೇಕಾದ್ದು ಇದನ್ನು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ನಮ್ಮ ಚಳ್ಳಕೆರೆ ಕಡೆ ಹೂ ಕಟ್ಟಿ ಊಡು ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಶೇಂಗಾ ಗಿಡ ಹಸಿರಾಗಿ ಕಂಡರೂ ಕಿತ್ತಾಗ ಬುಡದಲ್ಲಿ ಎರಡೋ ಮೂರೋ ಜೊಳ್ಳು ಕಾಯಿ. ಬಳ್ಳಿ ದನಕ್ಕಾದರೆ ಅದೇ ಪುಣ್ಯ. ಆಮೇಲೆ ದನವೂ ಸಂತೆಗೆ, ಹುಡುಗರು ಬೆಂಗಳೂರಿಗೆ.

ಕೇಂದ್ರದ ಬರ ಪರಿಹಾರದ ಹಣಕ್ಕೆ ರಾಜ್ಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. 18,171 ಕೋಟಿ ಕೇಳಿದ್ದಕ್ಕೆ 2024ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಸುಮಾರು 3,454 ಕೋಟಿ. ಮುಂಗಾರು ಕೆಟ್ಟು ಎಷ್ಟು ತಿಂಗಳಾಗಿತ್ತು! ಬಿತ್ತನೆ ಸಾಲದ ಬಡ್ಡಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಮುಂದಿನ ಬರಕ್ಕೆ ಮೊದಲೇ ಕೆರೆಗಳ ಹೂಳು, ರಾಜಕಾಲುವೆ ಒತ್ತುವರಿ ಕುರಿತು ತಾಲ್ಲೂಕುವಾರು ವರದಿ ಪ್ರಕಟಿಸಿ ಎಂದು ಪತ್ರಿಕೆಯನ್ನು ಕೋರುತ್ತೇನೆ.

– ಚಳ್ಳಕೆರೆ ಮೂಲದ ಓದುಗ, ದೋಹಾ, ಕತಾರ್