ಗಾಣಕ್ಕೆ ಪೇಂಟ್ ಹೊಡೆಯೋದು ನಿಲ್ಲಿಸ್ರಪ್ಪ (ಭಾಗ 3)

ಹೋದ ವಾರ ಕ್ಲಾಸ್ ಗ್ರೂಪಲ್ಲಿ ಓಡಾಡಿದ ರೀಲ್ ನೆನಪಿದೆ ಅಲ್ವಾ? ಅಮೆರಿಕದ ಅಜ್ಜ, ಅವರ ತಾತನ ಕಾಲದ ಮರದ ಪ್ರೆಸ್ಸು, ತಿರುಪು ತಿರುಗಿಸಿದರೆ ಸೇಬಿನ ರಸ. ಎಲ್ಲರೂ ಹಾರ್ಟ್ ಒತ್ತಿದ್ರಿ. ನಾನೂ ಒತ್ತಿದೆ. ಈಗ ಈ ಫೋಟೋ ನೋಡಿ. ಹೆಗ್ಗದ್ದೆ ಕಡೆಯ ಒಂದು ಹೋಂಸ್ಟೇ, ಹೆಸರು ಬೇಡ. ಅಂಗಳದಲ್ಲಿ ನಿಂತಿರೋದು ಎತ್ತಿನ ಕಬ್ಬಿನ ಗಾಣ. ಮೂರು ಕಬ್ಬಿಣದ ಉರುಳೆ, ಮೈತುಂಬ ಕೆಂಪು ಆಯಿಲ್ ಪೇಂಟ್, ಪಕ್ಕದಲ್ಲಿ ಸೆಲ್ಫಿ ಪಾಯಿಂಟ್ ಬೋರ್ಡು. ಗೆಸ್ಟಿಗೆ ಕುಡಿಯೋಕೆ? ಪ್ಯಾಕೆಟ್ ಸೇಬಿನ ಜ್ಯೂಸ್!

ಇದನ್ನ ಪರಂಪರೆ ಉಳಿಸೋದು ಅಂತಾರೆ. ಉರುಳೆಗೆ ಪೇಂಟ್ ಬಿದ್ದ ಮೇಲೆ ಅದರ ರಸ ಬಾಯಿಗಿಡೋ ಹಾಗಿಲ್ಲ. ಗ್ರೀಸ್ ಕಾಣದೆ ಹಲ್ಲಿನ ಚಕ್ರ ಕಚ್ಚಿಕೊಳ್ಳುತ್ತೆ. ಗುಜರಿಯವನಾದರೂ ವಾಸಿ, ತೂಕ ಹಾಕಿ ನೇರವಾಗಿ ಒಡೀತಾನೆ.

'ಎತ್ತಿನ ಗಾಣ ಲಾಸು' ಅಂತೀರಾ? ನಿಜ. ನೂರು ಕಿಲೋ ಕಬ್ಬು ಅರೆದರೆ 50ರಿಂದ 60 ಕಿಲೋ ರಸ, ಕೊಪ್ಪರಿಗೆಯಲ್ಲಿ ಕಾಯಿಸಿದರೆ ಹತ್ತು ಕಿಲೋ ಆಸುಪಾಸು ಬೆಲ್ಲ. 1933ರಲ್ಲಿ ಶುರುವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಜೊತೆ ಪೈಪೋಟಿಗೆ ಇಳಿಯಿರಿ ಅಂತ ನಾನು ಹೇಳ್ತಿಲ್ಲ. ಅಷ್ಟಕ್ಕೂ ಕಬ್ಬಿಣದ ಗಾಣವೇನು ಪುರಾಣ ಕಾಲದ್ದಲ್ಲ. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್, ಮಿಲ್ನ್ ಅನ್ನೋ ಇಬ್ಬರು ಇಂಥ ಗಾಣ ಮಾಡಿ ಮಾರಿದರು, ಕಲ್ಲು-ಮರದ ಗಾಣ ಮೂಲೆ ಸೇರಿತು. ಕೆಲಸ ಮಾಡುತ್ತೆ ಅಂತಲೇ ಜನ ಇದನ್ನ ಕೊಂಡಿದ್ದು, ಚೆಂದಕ್ಕಲ್ಲ.

ನಮ್ಮ ಅಕೌಂಟ್ಸ್ ಪುಸ್ತಕದ ಪ್ರಕಾರ ಸವಕಳಿ ಕಳೆದು ಇದರ ಬೆಲೆ ಎಂದೋ ಸೊನ್ನೆ. ಆದರೆ ಕಬ್ಬಿನ ಹಾಲು ಕಾಯೋದಿಲ್ಲ. ಅರೆದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತೆ, ಕೆಲವೇ ಗಂಟೆಯಲ್ಲಿ ಹುಳಿ ಬರುತ್ತೆ. ಆಲೆಮನೆಯಲ್ಲಿ ತಕ್ಷಣ ಒಲೆಗೇರಿಸೋದು ಅದಕ್ಕೇ. ಬೆಂಗಳೂರಿಂದ ಬಂದವರಿಗೆ ಕಣ್ಣೆದುರೇ ಅರೆದು, ಶುಂಠಿ, ನಿಂಬೆ ಹಿಂಡಿ ಒಂದು ಲೋಟ ಕೊಟ್ಟರೆ ದುಡ್ಡು ಕೊಡಲ್ವಾ? ಕಬ್ಬು ನಮ್ಮ ಕಾಫಿ ತೋಟದ ಬೆಳೆಯಲ್ಲ, ಒಪ್ಪಿದೆ. ಕೆಳಗಿನ ಬಯಲು ಸೀಮೆಯಿಂದ ಒಂದು ಹೊರೆ ತರಿಸೋದು ಎಷ್ಟು ದೊಡ್ಡ ಕೆಲಸ?

ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತೆ ಅನ್ನೋದು ಒಂದೇ ಸರಿಯಾದ ತಕರಾರು. ಅದಕ್ಕೆ ಸುತ್ತ ಬೇಲಿ ಹಾಕಿ, ಕಬ್ಬು ಕೊಡೋಕೆ ಗೊತ್ತಿರೋ ಒಬ್ಬರನ್ನೇ ನಿಲ್ಲಿಸಿ.

ಮುಂದಿನ ಸಲ ಇಂಥ ಗಾಣದ ಮುಂದೆ ಫೋಟೋ ತೆಗೆಯೋ ಮೊದಲು ಓನರ್‌ನ ಕೇಳಿ: 'ಅಣ್ಣ, ಇದು ತಿರುಗುತ್ತಾ?' ಏನಂದ್ರು ಅಂತ ಕಾಮೆಂಟಲ್ಲಿ ಹಾಕಿ, ಭಾಗ 4ಕ್ಕೆ ಬೇಕು.