ಹೂ ಬಿಟ್ಟ ಮೇಲೆ ಕುಡುಗೋಲು ಹಿಡಿದರೆ?

ಮಂಡ್ಯದಲ್ಲಿ ಬಸ್ಸಿಳಿಯಿರಿ, ಮದ್ದೂರಿನಲ್ಲಿ ಇಳಿಯಿರಿ, ಮಳವಳ್ಳಿಯಲ್ಲೇ ಇಳಿಯಿರಿ. ನಾಲ್ಕು ಹೆಜ್ಜೆ ಹಾಕಿದರೆ ಎದುರಾಗುವುದು ಒಂದೇ ಗಿಡ, ಕಾಂಗ್ರೆಸ್ ಗಿಡ. ಪುಸ್ತಕದ ಹೆಸರು ಪಾರ್ಥೇನಿಯಂ. ಬಿಳಿ ಟೋಪಿಯಂಥ ಹೂವಿನಿಂದ ಆ ಹೆಸರು ಬಂತಂತೆ. ಪಕ್ಷದವರು ಬೇಜಾರು ಮಾಡ್ಕೋಬೇಕಾಗಿಲ್ಲ. ಎಲ್ಲ ಪಕ್ಷದವರ ಖಾಲಿ ಸೈಟಿನಲ್ಲೂ ಇದು ಭೇದವಿಲ್ಲದೆ ಬೆಳೆಯುತ್ತದೆ.

ಇದು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಇಪ್ಪತ್ತೇ ವರ್ಷದಲ್ಲಿ, 1975ರಲ್ಲಿ, ಕರ್ನಾಟಕ ಸರ್ಕಾರ ಇದನ್ನು ಅಪಾಯಕಾರಿ ಕಳೆ ಎಂದು ಕಾಯಿದೆ ಪ್ರಕಾರ ಸಾರಬೇಕಾಯಿತು. ಸಾರಿ ಅರ್ಧ ಶತಮಾನವಾಯ್ತು. ಗಿಡ ಕಾಯಿದೆ ಓದಿಲ್ಲ, ಬಿಡಿ. ಓದಬೇಕಾದವರೂ ಓದಿದ ಹಾಗೆ ಕಾಣುವುದಿಲ್ಲ.

ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ಕೆರೆತ, ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಹೂವಿನ ಪುಡಿ ಮೂಗಿಗೆ ಹೋದರೆ ಸೀನು, ಉಬ್ಬಸ. ಹಸು ತಿಂದರೆ ಹಾಲು ಕಹಿ. ಇದೆಲ್ಲ ಜನಕ್ಕೆ ಗೊತ್ತು. ಆದರೂ ಅಂಗಡಿ ಪಕ್ಕದ ಪೊದೆ ತೋರಿಸಿ ಕೇಳಿದರೆ ಸಿಗುವ ಉತ್ತರ ಒಂದೇ: "ನಮ್ದಲ್ಲ ಬುಡಿ ಸಾ, ಪಕ್ಕದ ಸೈಟ್‌ನೋರ್ದು."

ನಮ್ಮ ತಕರಾರು ಇರುವುದು ಕೀಳುವ ಹೊತ್ತಿನ ಬಗ್ಗೆ. ಮಂತ್ರಿ ಬರುವ ಹಿಂದಿನ ದಿನವೋ, ಹಬ್ಬದ ಮುಂಚೆಯೋ ಪೌರಕಾರ್ಮಿಕರ ಕೈಗೆ ಕುಡುಗೋಲು ಕೊಟ್ಟು ಕಳಿಸುತ್ತಾರೆ. ಅಷ್ಟರಲ್ಲಿ ಗಿಡ ಹೂ ಬಿಟ್ಟು, ಬೀಜ ಕಟ್ಟಿ ನಿಂತಿರುತ್ತದೆ. ಒಂದು ದೊಡ್ಡ ಗಿಡದಲ್ಲಿ 15ರಿಂದ 25 ಸಾವಿರ ಬೀಜ! ಕೊಯ್ದರೆ ಬೀಜ ಉದುರುತ್ತದೆ, ಬುಡ ಮತ್ತೆ ಚಿಗುರುತ್ತದೆ. ಜೆಸಿಬಿ ತಂದರೆ ಇನ್ನೂ ಅನಾಹುತ. ಬೀಜ ತುಂಬಿದ ಮಣ್ಣನ್ನು ಟಿಪ್ಪರಿಗೆ ಹಾಕಿ ಮತ್ಯಾವುದೋ ಬಡಾವಣೆಯ ಗುಂಡಿ ತುಂಬಿಸುತ್ತಾರೆ. ಇದನ್ನು ಸ್ವಚ್ಛತೆ ಅನ್ನಬೇಕೋ, ಬಿತ್ತನೆ ಅನ್ನಬೇಕೋ? ಬಸ್ಸು, ಲಾರಿ ಟೈರಿನ ಕೆಸರಿನಲ್ಲೂ ಬೀಜ ಪುಕ್ಕಟೆ ಪ್ರಯಾಣ ಮಾಡುತ್ತದೆ, ಟಿಕೆಟ್ ಕೇಳೋರಿಲ್ಲ.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಉದ್ದೇಶ ಒಳ್ಳೇದೇ. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್-ಮೇ ಮಳೆಗೇ ಇದು ಮೊಳೆಯುತ್ತದೆ, ಮೊಳೆತ ತಿಂಗಳು ಒಂದೂವರೆ ತಿಂಗಳಲ್ಲಿ ಹೂ. ಆಗಸ್ಟಿನಲ್ಲಿ ಬ್ಯಾನರ್ ಕಟ್ಟುವ ಹೊತ್ತಿಗೆ ಮೊದಲ ಫಸಲು ಉದುರಿ ಆಗಿರುತ್ತದೆ. ಮೇ ತಿಂಗಳಲ್ಲಿ ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು; ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಇನ್ನೊಂದು ಸಲ. ಕೀಳುವವರಿಗೆ ಕೈಗವಸು ಕೊಡಿ. ಬರಿಗೈಲಿ ಕೀಳಿಸುವುದು ಅನ್ಯಾಯ.

1983ರಲ್ಲಿ ಮೆಕ್ಸಿಕೊದಿಂದ ಒಂದು ದುಂಬಿ ತರಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ಚೆನ್ನಾಗಿಯೇ ಮೇಯುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಎಲ್ಲಾ ಕೆಲಸ ಅದರ ತಲೆಗೇ ಕಟ್ಟಿದರೆ ಆಗುವುದಿಲ್ಲ.

ಅಂಗಡಿಯವರು ಮನಸ್ಸು ಮಾಡಿದರೆ ಮದ್ದು ಅಂಗಡಿಯಲ್ಲೇ ಇದೆ. ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ, ಹೂ ಬರುವ ಮುಂಚೆ, ಬಿಸಿಲಿರುವಾಗ ಗಿಡ ನೆನೆಯುವ ಹಾಗೆ ಸಿಂಪಡಿಸಿ. ಚರಂಡಿ ಬದಿ, ಗೋಡೆ ಬುಡಕ್ಕೆ ಮಾತ್ರ. ಗದ್ದೆ, ತೋಟದ ಹತ್ತಿರ ಬೇಡ, ಮಣ್ಣು ಕೆಡುತ್ತದೆ.

ಇನ್ನು ಬೆಂಗಳೂರಲ್ಲಿ ಕುಳಿತು ಇಲ್ಲಿ ಸೈಟು ಇಟ್ಟುಕೊಂಡಿರುವ ಮಹನೀಯರು. ಮೂರೂ ಊರಿನ ಪೌರಸಂಸ್ಥೆಯವರು ಮೇ ತಿಂಗಳಲ್ಲೇ ಅವರಿಗೆ ನೋಟಿಸು ಕೊಟ್ಟು, ಬಾರದಿದ್ದರೆ ತಾವೇ ಕೀಳಿಸಿ, ಕೂಲಿಯನ್ನು ಕಂದಾಯದ ಜೊತೆ ವಸೂಲು ಮಾಡುವರೆ?