ಮುಪ್ಪಿಗೆ ಎಷ್ಟು ನಿಮಿಷ?

ವೃದ್ಧರ ಆರೈಕೆಯ ಖರ್ಚನ್ನು ಸರ್ಕಾರ ಹೊರಬೇಕು ಎಂದು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಾರಿಗೆ ಎಷ್ಟು ಆರೈಕೆ ಬೇಕೆಂದು ಗೊತ್ತುಮಾಡುವುದು ಹೇಗೆ? ಇದು ಫಾರಂ ತುಂಬುವ ಕೆಲಸವಷ್ಟೇ ಎನ್ನುವವರಿದ್ದಾರೆ. ಆದರೆ ಆ ಫಾರಂ ಕೇಳದ ಕಷ್ಟಕ್ಕೆ ಹಣವೂ ಸಿಗುವುದಿಲ್ಲ. ಜರ್ಮನಿ ಇದನ್ನು ಅರಿಯಲು ಎರಡು ದಶಕ ತೆಗೆದುಕೊಂಡಿತು.

ಅಲ್ಲಿ 1995ರಲ್ಲಿ ಆರೈಕೆ ವಿಮೆ ಕಡ್ಡಾಯವಾಗಿ ಬಂತು. ಅರ್ಜಿ ಹಾಕಿದವರ ಮನೆಗೆ ಪರಿಶೀಲಕರು ಬಂದು ನೋಡುತ್ತಾರೆ. ಹಳೆಯ ಪದ್ಧತಿಯಲ್ಲಿ ಅವರು ಲೆಕ್ಕ ಹಾಕುತ್ತಿದ್ದುದು ನಿಮಿಷಗಳನ್ನು. ಇಡೀ ಮೈ ತೊಳೆಸಲು 20ರಿಂದ 25 ನಿಮಿಷ, ಹಲ್ಲುಜ್ಜಿಸಲು 5, ತಲೆ ಬಾಚಲು 1ರಿಂದ 3. ಮನೆಗೆಲಸವೂ ಸೇರಿ ದಿನಕ್ಕೆ 90 ನಿಮಿಷ ಮುಟ್ಟಿ, ಅದರಲ್ಲಿ 45ಕ್ಕಿಂತ ಹೆಚ್ಚು ಮೈಯ ಆರೈಕೆಗೇ ಹೋದರೆ ಮೊದಲ ಹಂತದ ನೆರವು.

ಈಗ ಮರೆವಿನ ಕಾಯಿಲೆಯ ಒಬ್ಬ ಅಜ್ಜಿಯನ್ನು ನೆನೆಯಿರಿ. ಕೈಕಾಲು ಗಟ್ಟಿ, ಸ್ನಾನ ತಾನೇ ಮಾಡುತ್ತಾಳೆ. ಆದರೆ ಒಲೆ ಹಚ್ಚಿ ಮರೆಯುತ್ತಾಳೆ, ನಡುರಾತ್ರಿ ಚಿಲಕ ತೆಗೆದು ಬೀದಿಗಿಳಿಯುತ್ತಾಳೆ. ಮಗಳು ಹಗಲಿರುಳು ಕಣ್ಣಿಟ್ಟಿರಬೇಕು. ನಿಮಿಷದ ಲೆಕ್ಕದಲ್ಲಿ ಈ ಕಾವಲಿಗೆ ಜಾಗವೇ ಇರಲಿಲ್ಲ. ನಡುವೆ ಒಂದೆರಡು ತೇಪೆ ಹಾಕಿದರೂ ಅಳತೆಯೇ ಬದಲಾಗಿದ್ದು 2017ರಲ್ಲಿ. ಎಷ್ಟು ಹೊತ್ತು ಬೇಕು ಎಂಬುದರ ಬದಲು ಮನುಷ್ಯ ತನ್ನಷ್ಟಕ್ಕೆ ಏನೇನು ಮಾಡಿಕೊಳ್ಳಬಲ್ಲ ಎಂದು ನೋಡತೊಡಗಿದರು. ಉಣ್ಣುವುದು, ಮೀಯುವುದು ಮುಂತಾದ ಸ್ವಂತ ಆರೈಕೆಗೆ 40 ಪಾಲು, ಔಷಧ ಮತ್ತು ಚಿಕಿತ್ಸೆ ನಿಭಾಯಿಸುವುದಕ್ಕೆ 20, ಬುದ್ಧಿ ಮತ್ತು ನಡವಳಿಕೆಗೆ 15, ದಿನಚರಿ ಮತ್ತು ಜನರ ಒಡನಾಟಕ್ಕೆ 15, ಓಡಾಟಕ್ಕೆ ಬರೀ 10. ಆ ಅಜ್ಜಿ ಕೊನೆಗೂ ಕಾಗದದ ಮೇಲೆ ಕಾಣಿಸಿಕೊಂಡಳು.

ಇದರಿಂದ ಖರ್ಚು ಏರಿತು ಎಂಬ ಆಕ್ಷೇಪ ಸುಳ್ಳಲ್ಲ. ವಿಮೆಯ ಕಂತು 2017ರಲ್ಲಿ ಸಂಬಳದ 2.55 ಶೇಕಡ ಇದ್ದದ್ದು 2025ಕ್ಕೆ 3.6 ಆಯಿತು, ಜನಕ್ಕೆ ವಯಸ್ಸಾಗುತ್ತಿರುವುದೂ ಅದಕ್ಕೆ ಕಾರಣ. ಆದರೆ ಆ ಖರ್ಚು ಮೊದಲೂ ಇತ್ತು. ಮಗಳು ಬಿಟ್ಟ ಕೆಲಸದಲ್ಲಿ, ಅವಳು ಕೆಟ್ಟ ನಿದ್ದೆಯಲ್ಲಿ ಇತ್ತು. ಯಾವ ಬಜೆಟ್ಟಿನಲ್ಲೂ ಅದು ನಮೂದಾಗಿರಲಿಲ್ಲ, ಅಷ್ಟೆ.

ಅಳತೆ ಸರಿಯಿದ್ದರೂ ಭೇಟಿಯ ಹೊತ್ತಿನಲ್ಲಿ ಎಡವಟ್ಟಾಗಬಹುದು. ಹೊರಗಿನವರು ಬಂದರೆಂದರೆ ಹಿರಿಯರು ಒಗೆದ ಬಟ್ಟೆ ಉಟ್ಟು ನೆಟ್ಟಗೆ ಕೂರುತ್ತಾರೆ. ‘ಎಲ್ಲಾ ನಾನೇ ಮಾಡ್ಕೋತೀನಪ್ಪ’ ಎನ್ನುತ್ತಾರೆ. ಅದು ಮಾನದ ಪ್ರಶ್ನೆ, ಯಾವ ದೇಶದಲ್ಲೂ ಅಷ್ಟೇ. ಜರ್ಮನಿಯಲ್ಲಿ ಭೇಟಿಗೆ ಮುಂಚೆ ದಿನದಿನದ ಆರೈಕೆಯನ್ನು ಬರೆದಿಡಿ ಎಂದು ಮನೆಯವರಿಗೆ ಹೇಳುವುದು ಇದಕ್ಕೇ. ಅರ್ಧ ದಿನದ ಗೆಲುವನ್ನು ನೋಡಿ ವರ್ಷದ ನೆರವನ್ನು ಕತ್ತರಿಸಬಾರದು.

ಇನ್ನೊಂದು ವಿಷಯದಲ್ಲಿ ಜಪಾನ್ ನನಗೆ ಮೆಚ್ಚುಗೆ. ಅಲ್ಲಿ 2000ದ ಏಪ್ರಿಲ್‌ನಲ್ಲಿ ಶುರುವಾದ ವಿಮೆಯಲ್ಲಿ 74 ಅಂಶಗಳನ್ನು ಕೇಳಿ ಏಳು ದರ್ಜೆಗಳಲ್ಲಿ ಒಂದನ್ನು ಕೊಡುತ್ತಾರೆ. ಮನೆಯಲ್ಲಿ ಸೊಸೆ ಇದ್ದಾಳೆಂದು ದರ್ಜೆ ಇಳಿಯುವುದಿಲ್ಲ. ನೋಡಿಕೊಳ್ಳುವವರು ಇದ್ದಾರೆ ಎಂಬುದರಿಂದ ಅಗತ್ಯ ಕಡಿಮೆಯಾಗುವುದಿಲ್ಲವಲ್ಲ. ಅದನ್ನು ಯಾರೋ ಪುಕ್ಕಟೆ ಪೂರೈಸುತ್ತಿರುತ್ತಾರೆ.

ನಮ್ಮಲ್ಲಿ ಈ ಬಗೆಯ ಅಳತೆಯೇ ಇನ್ನೂ ಹುಟ್ಟಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ನೋಡುವುದು 65ರ ವಯಸ್ಸನ್ನು ಮತ್ತು ಆದಾಯವನ್ನು. ಹೊಲಕ್ಕೆ ನಡೆದುಹೋಗುವವರಿಗೂ ಹಾಸಿಗೆ ಹಿಡಿದವರಿಗೂ ತಿಂಗಳಿಗೆ ಅದೇ 1,200 ರೂಪಾಯಿ. 70 ದಾಟಿದವರಿಗೆ 2024ರಲ್ಲಿ ಬಂದ ಆಯುಷ್ಮಾನ್ ಕಾರ್ಡು ಆಸ್ಪತ್ರೆ ಸೇರಿದರೆ ನೆರವಾಗುತ್ತದೆ. ಮನೆಯಲ್ಲಿ ಮಗ್ಗುಲು ಬದಲಿಸುವವರ ಕೂಲಿಗೆ ಅಲ್ಲ. 2007ರ ಪಾಲಕರ ಪೋಷಣೆ ಕಾಯ್ದೆ ಮಕ್ಕಳ ಕರ್ತವ್ಯವನ್ನು ನೆನಪಿಸುತ್ತದೆ, ಅವರ ಹೊರೆಯನ್ನು ಹಂಚಿಕೊಳ್ಳುವುದಿಲ್ಲ.

ಜರ್ಮನಿಯಷ್ಟು ಹಣ ನಮಗಿಲ್ಲ ಎನ್ನುವುದು ಅಳೆಯದೇ ಇರಲು ಕಾರಣವಾಗದು. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ತಂದು, ಪಂಚಾಯಿತಿಗಳ ಮೂಲಕ ನರ್ಸುಗಳನ್ನು ಹಾಸಿಗೆ ಹಿಡಿದವರ ಮನೆಗೆ ಕಳಿಸಿತು. ನಮ್ಮಲ್ಲೂ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಲೇ ಇದ್ದಾರೆ. ತಕ್ಕ ತರಬೇತಿ ಮತ್ತು ಸಂಬಳ ಕೊಟ್ಟರೆ ಅವರೇ ಕೇಳಬಲ್ಲರು: ರಾತ್ರಿ ಎಷ್ಟು ಸಲ ಏಳಿಸಬೇಕು, ಒಬ್ಬರನ್ನೇ ಬಿಟ್ಟು ಸಂತೆಗೆ ಹೋಗಿಬರಬಹುದೇ, ಮಾತ್ರೆ ಯಾರ ಕೈಯಲ್ಲಿದೆ. ಅಷ್ಟು ಕೇಳಿದ ಮೇಲೆ, ನೋಡಿಕೊಳ್ಳುತ್ತಿರುವ ಹೆಂಗಸನ್ನು ಅತ್ತೆಮಾವಂದಿರ ಕಿವಿಗೆ ಬೀಳದಷ್ಟು ದೂರ ಕೂರಿಸಿಕೊಂಡು ಅವಳ ಉತ್ತರವನ್ನೂ ಬರೆದುಕೊಳ್ಳಬೇಕು.